ಹಸಿಕಸದ ಸೂಜಿ

ಕುಮಾರಸ್ವಾಮಿ ಲೇಔಟಿನ ಆ ಅಡ್ಡರಸ್ತೆಯಲ್ಲಿ ಅಂಜನಾ ಅಂದರೆ ಎಲ್ಲರಿಗೂ ಇಷ್ಟ, ಬುಧವಾರ ಮತ್ತು ಶನಿವಾರದ ಬೆಳಿಗ್ಗೆ ಬಿಟ್ಟು. ಆ ಎರಡು ದಿನ ಆಕೆ ತನ್ನ ಮನೆಯ ಗೇಟಿನ ಬಳಿ ನಿಂತು, ಬಂದವರ ಕಸದ ಬಕೆಟ್ಟಿನೊಳಗೆ ಇಣುಕಿ ನೋಡುತ್ತಿದ್ದಳು. ಹಾಲಿನ ಕವರಿನ ಮೂಲೆ ಕತ್ತರಿಸಿದ ಚೂರು ಕಂಡರೂ ಸಾಕು, ಬಕೆಟ್ಟು ವಾಪಸ್. "ಇದನ್ನ ಕೈಯಲ್ಲಿ ಆರಿಸೋರೂ ಮನುಷ್ಯರೇ ಅಲ್ವಾ ಆಂಟಿ?" ಅಂತ ನಗುನಗುತ್ತಲೇ ಹೇಳುತ್ತಿದ್ದಳು. ನಗುತ್ತಾ ಹೇಳಿದರೂ ಚುರುಕು ಚುರುಕೇ. ತುಂಬಿದ ಬಕೆಟ್ಟು ಹಿಡಿದು ಮನೆಗೆ ಹಿಂದಿರುಗುವವರಿಗೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಿದಂತಾಗುತ್ತಿತ್ತು.

ಏರ್ಪಾಡೆಲ್ಲ ಅವಳದೇ. ಹಾರೋಹಳ್ಳಿಯ ಆಚೆಗಿನ ಹಳ್ಳಿಯೊಂದರಲ್ಲಿ ಹತ್ತಾರು ರೈತರು ಸೇರಿ ಒಂದು ಬ್ಯಾಟರಿ ಗಾಡಿ ಕೊಂಡಿದ್ದರು. ಕೆಂಪರಾಜು ಅದನ್ನು ಓಡಿಸುತ್ತಿದ್ದ. ಸೊಪ್ಪು, ಹುರುಳಿಕಾಯಿ, ಮೂಲಂಗಿ, ಟೊಮೇಟೊ ಕ್ರೇಟುಗಳಲ್ಲಿ ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸಿ, ಬಿಸಿಲೇರುವ ಮುಂಚೆ ಅಂಜನಾಳ ಪೋರ್ಟಿಕೊಗೆ ತಂದು ಇಳಿಸುತ್ತಿದ್ದ. ಮಂಡಿಯ ಹಂಗಿಲ್ಲ, ಡೀಸೆಲ್ ಹೊಗೆಯಿಲ್ಲ, ಪ್ಲಾಸ್ಟಿಕ್ ಕವರಿಲ್ಲ. ಬೀದಿಯವರು ತಂತಮ್ಮ ಚೀಲ ತಂದು ತರಕಾರಿ ಒಯ್ಯುವಷ್ಟರಲ್ಲಿ ಗಾಡಿ ಅಲ್ಲೇ ಚಾರ್ಜಿಗೆ ನಿಂತಿರುತ್ತಿತ್ತು. ಆದರೆ ಗಾಡಿ ಖಾಲಿ ವಾಪಸ್ ಹೋದರೆ ರೈತರಿಗೆ ಗಿಟ್ಟುವುದಿಲ್ಲ. ಅದಕ್ಕೆ ಅಂಜನಾಳೇ ದಾರಿ ಹುಡುಕಿದ್ದಳು. ಬೀದಿಯ ಮನೆಗಳ ಹಸಿಕಸವೆಲ್ಲ ಡ್ರಮ್ಮುಗಳಲ್ಲಿ ತುಂಬಿ ಅದೇ ಗಾಡಿಯಲ್ಲಿ ಹಳ್ಳಿಗೆ ಹೋಗಿ, ಅಲ್ಲಿ ಗೊಬ್ಬರವಾಗಿ, ಅದೇ ಹೊಲಕ್ಕೆ ಬೀಳುತ್ತಿತ್ತು. ಬೇರೆ ಬಡಾವಣೆಯವರು ಬಂದು ಫೋಟೊ ಹಿಡಿದುಕೊಂಡು ಹೋಗಿದ್ದರು. ಅಂಜನಾಳಿಗೆ ಸ್ವಲ್ಪ ಜಂಬ ಬಂದಿದ್ದರೆ ಅದೇನೂ ಆಶ್ಚರ್ಯವಲ್ಲ.

ಆ ಶನಿವಾರ ಕೆಂಪರಾಜು ಗಾಡಿ ನಿಲ್ಲಿಸಿದವನು ಕ್ರೇಟು ಇಳಿಸಲಿಲ್ಲ. ಜೇಬಿನಿಂದ ಒಂದು ಔಷಧಿ ಬಾಟಲಿ ತೆಗೆದು ತೂಕದ ಮೇಜಿನ ಮೇಲಿಟ್ಟ. ಒಳಗೆ ಒಂದು ಪುಟ್ಟ ಸೂಜಿ, ಇನ್ಸುಲಿನ್ ಪೆನ್ನಿಗೆ ಹಾಕುವಂಥದ್ದು. ಅವನ ಹೆಂಡತಿ ನಾಗಲಕ್ಷ್ಮಮ್ಮ ಗೊಬ್ಬರದ ರಾಶಿ ಕೆದಕುವಾಗ ಅಂಗೈಗೆ ಆಳವಾಗಿ ಚುಚ್ಚಿತ್ತಂತೆ. ಆಸ್ಪತ್ರೆಯಲ್ಲಿ, ಯಾರು ಬಳಸಿದ ಸೂಜಿಯೋ ಗೊತ್ತಿಲ್ಲವಾದ್ದರಿಂದ ಆ ದೊಡ್ಡ ಕಾಯಿಲೆ ಬರದಿರಲಿ ಅಂತ ಒಂದು ತಿಂಗಳ ಮಾತ್ರೆ ಕೊಟ್ಟಿದ್ದಾರಂತೆ. 

ಸಾಲಿನಲ್ಲಿ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಜನಾಳಿಗೆ ಸಿಟ್ಟು ನೆತ್ತಿಗೇರಿತು. ಅವಳ ಕಣ್ಣು ನೆಟ್ಟಗೆ ಹೋಗಿದ್ದು ಎದುರು ಮನೆಯ ಮೀನಾಕ್ಷಮ್ಮನ ಮೇಲೆ. ಮೀನಾಕ್ಷಮ್ಮನ ಗಂಡ ಸೋಮನಾಥ್ ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುವುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ.

"ಮೀನಾಕ್ಷಮ್ಮೋರೆ, ನಿಮ್ಮನೇಲಿ ಸೂಜಿ ಎಲ್ಲಿಗೆ ಹಾಕ್ತೀರಾ?"

"ಬಾಟ್ಲಿಗೆ ಹಾಕಿ ಮೆಡಿಕಲ್ ಶಾಪಿಗೆ ಕೊಡ್ತೀವಮ್ಮ. ಮೊದಲಿಂದ್ಲೂ ಹಾಗೇ."

"ಹಾಗಿದ್ರೆ ಇದು ಆಕಾಶದಿಂದ ಬಿತ್ತಾ? ಇನ್ಮೇಲೆ ಬಕೆಟ್ ಜೊತೆ ಆ ಬಾಟ್ಲೀನೂ ತಂದು ತೋರಿಸಿ. ನನಗಲ್ಲ, ಕೆಂಪರಾಜುಗೆ."

ಮೀನಾಕ್ಷಮ್ಮ ಬಣ್ಣಗೆಟ್ಟ ಮುಖದಲ್ಲಿ ಆಗಲಿ ಅಂದರು. ಅವರು ಅಂಜನಾಳಿಗಿಂತ ಇಪ್ಪತ್ತು ವರ್ಷ ದೊಡ್ಡವರು.

ಅಂಜನಾಳ ಮನೆಯಲ್ಲೂ ಇನ್ಸುಲಿನ್ ಇರಲಿಲ್ಲವೆಂದಲ್ಲ. ಮಾವ ಶಂಭುಲಿಂಗಪ್ಪನವರಿಗೆ ಮಾತ್ರೆಯಿಂದ ಸಕ್ಕರೆ ಬಗ್ಗದೆ, ಎರಡು ತಿಂಗಳ ಹಿಂದೆ ಡಾಕ್ಟರು ಇನ್ಸುಲಿನ್ ಶುರು ಮಾಡಿಸಿದ್ದರು. ಆದರೆ ಅಂಜನಾ ಮೊದಲ ದಿನವೇ ಒಂದು ಗಾಜಿನ ಬಾಟಲಿಗೆ 'ಸೂಜಿ' ಅಂತ ಚೀಟಿ ಅಂಟಿಸಿ ಊಟದ ಮೇಜಿನ ಮೇಲಿಟ್ಟಿದ್ದಳು. ಒಳಗೆ ಸೂಜಿಗಳೂ ಕಾಣುತ್ತಿದ್ದವು. ಅಷ್ಟು ನೋಡಿ ಅವಳು ನಿಶ್ಚಿಂತೆಯಾಗಿದ್ದಳು.

ಅವತ್ತು ಮಧ್ಯಾಹ್ನ ಮುದ್ದೆ, ಬಸ್ಸಾರಿನ ಊಟಕ್ಕೆ ಕೂತಾಗ ಅದೇ ಮಾತು. ಬನಶಂಕರಿಯ ಪೈಪು, ನಲ್ಲಿ ಅಂಗಡಿಯಿಂದ ಊಟಕ್ಕೆ ಬಂದಿದ್ದ ಗಂಡ ಕೈಲಾಸ್, ಕಸದ ಉಸಾಬರಿ ನಮಗ್ಯಾಕೆ ಬೇಕಿತ್ತು ಅಂದ. ಶಂಭುಲಿಂಗಪ್ಪ ತುತ್ತು ಕೈಯಲ್ಲೇ ಹಿಡಿದು ನೊಂದುಕೊಂಡರು.

"ಪಾಪ, ಎಂಥ ಜನವೋ. ಎಸೆಯೋ ಮುಂಚೆ ಒಂದು ಚೂರು ಯೋಚನೆ ಮಾಡ್ಬಾರ್ದಾ?"

ಅತ್ತೆ ಜಯಶೀಲಾ ಮಗನ ತಟ್ಟೆಗೆ ಸಾರು ಬಡಿಸಿದವರು, ಕೇಳದೆಯೇ ಇನ್ನೊಂದು ಸೌಟು ಬಡಿಸಿದರು.

ಬುಧವಾರ ಮೀನಾಕ್ಷಮ್ಮ ಬಾಟಲಿ ತಂದರು. ಒಂದು ಕೈಯಲ್ಲಿ ಬಕೆಟ್ಟು, ಒಂದು ಕೈಯಲ್ಲಿ ಬಾಟಲಿ, ತರಕಾರಿ ಚೀಲ ಕಂಕುಳಲ್ಲಿ. ಬಾಟಲಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ತೋರಿಸಿದರು. ಅಂಜನಾ ನೋಡಿ ತಲೆಯಾಡಿಸಿದಳು. ಶನಿವಾರವೂ ಹಾಗೇ ಆಯಿತು. ಹಿಂದೆ ನಿಂತವರು ಎರಡು ಹೆಜ್ಜೆ ದೂರವೇ ನಿಲ್ಲತೊಡಗಿದ್ದರು.

ಕೆಂಪರಾಜು ಬಂದಾಗಲೆಲ್ಲ ಸುದ್ದಿ ತರುತ್ತಿದ್ದ. ಮಾತ್ರೆ ನುಂಗಿದರೆ ನಾಗಲಕ್ಷ್ಮಮ್ಮನಿಗೆ ಹೊಟ್ಟೆ ತೊಳಸಿ ವಾಂತಿ. ಒಗ್ಗರಣೆ ವಾಸನೆ ಬಂದರೆ ಎದ್ದು ಹೊರಗೋಡುತ್ತಾಳೆ. ಮೊಮ್ಮಗಳನ್ನು ಹತ್ತಿರ ಸೇರಿಸುವುದಿಲ್ಲ, ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಾಳೆ. ಅದರಿಂದ ಅಂಟುವುದಿಲ್ಲ ಅಂತ ಡಾಕ್ಟರು ಹೇಳಿದರೂ ಕೇಳುವುದಿಲ್ಲ. ಹಳ್ಳಿಯ ಹೆಂಗಸರು ಡ್ರಮ್ಮು ಮುಟ್ಟಲು ಒಲ್ಲೆ ಅಂದಿದ್ದಾರೆ.

"ಸೂಜಿ ಯಾರ್ದು ಅಂತ ಗೊತ್ತಾದ್ರೆ ಅವರದೊಂದು ರಕ್ತ ಪರೀಕ್ಷೆ ಮಾಡ್ಸಿ, ಏನಿಲ್ಲ ಅಂದ್ರೆ ಮಾತ್ರೆ ನಿಲ್ಲಿಸ್ಬೋದಂತೆ ಅಕ್ಕ," ಅಂದ ಒಂದು ದಿನ. "ಯಾರೂ ಬೈಯಲ್ಲ. ಹೇಳಿದ್ರೆ ಸಾಕು."

ಅಂಜನಾ ಅದನ್ನು ಬೀದಿಗೆಲ್ಲ ಕೇಳುವಂತೆ ಮತ್ತೊಮ್ಮೆ ಹೇಳಿದಳು. ಹೇಳುವಾಗ ಎದುರು ಮನೆಯ ಕಿಟಕಿ ತೆರೆದಿದೆಯೇ ಅಂತಲೂ ನೋಡಿಕೊಂಡಳು.

ಮರುವಾರದ ಗುರುವಾರ ಅವಳಿಗೆ ನೆಗಡಿ, ಮೈಕೈ ನೋವು. ಎಂದಿನಂತೆ ವಾಕಿಂಗಿಗೆ ಹೋಗದೆ ಊಟದ ಮೇಜಿನ ಬಳಿ ಶುಂಠಿ ಕಷಾಯ ಕುಡಿಯುತ್ತಾ ಕೂತಿದ್ದಳು. ಶಂಭುಲಿಂಗಪ್ಪ ಲಿಂಗಪೂಜೆ ಮುಗಿಸಿ, ಹಣೆ ತುಂಬಾ ವಿಭೂತಿಯೊಂದಿಗೆ ಬಂದು ಎದುರಿಗೆ ಕೂತರು. ನೈವೇದ್ಯದ ಏಲಕ್ಕಿ ಬಾಳೆಹಣ್ಣನ್ನು ಸುಲಿದರು. ಬಾಳೆಹಣ್ಣು ಬೇಡ ಅಂತ ಡಾಕ್ಟರು ಹೇಳಿದ್ದರೂ ಪ್ರಸಾದವನ್ನು ಬಿಡಲು ಅವರು ತಯಾರಿರಲಿಲ್ಲ. ಇನ್ಸುಲಿನ್ ಚುಚ್ಚಿಕೊಂಡರು, ಹಣ್ಣು ತಿಂದರು. ಆಮೇಲೆ ಪೆನ್ನಿನಿಂದ ಸೂಜಿ ತಿರುಚಿ ತೆಗೆದು, ಬಾಳೆಸಿಪ್ಪೆಯ ಒಳಗೆ ಹುದುಗಿಸಿ, ಸಿಪ್ಪೆಯನ್ನು ಎಲೆಯಡಿಕೆ ಮಡಿಸುವಷ್ಟು ನಾಜೂಕಾಗಿ ಮಡಿಸಿ, ಪೂಜೆಯ ಹೂವಿನ ದಾರದಿಂದ ಸುತ್ತಿ ಗಂಟು ಹಾಕಿದರು. ಎದ್ದು ಹೋಗಿ ಹಸಿಕಸದ ಬಕೆಟ್ಟಿಗೆ ಹಾಕಿದರು.

ಅಂಜನಾ ಕಷಾಯದ ಲೋಟ ಕೆಳಗಿಟ್ಟಳು.

"ಮಾವ, ಏನದು?"

"ಸೂಜಿ ಕಣಮ್ಮ. ಮೊದಮೊದಲು ಹೇಗೋ ಬಾಟ್ಲಿಗೇ ಹಾಕ್ತಿದ್ದೆ, ಈಗ ಅದರ ಮುಚ್ಚಳ ನನ್ನ ಬೆರಳಿಗೆ ಬಗ್ಗಲ್ಲ. ಬಿಡಿಯಾಗಿ ಹಾಕಿದ್ರೆ ಯಾರಿಗಾದ್ರೂ ಚುಚ್ಚೀತು ಅಂತ ಭದ್ರವಾಗಿ ಕಟ್ಟಿ ಹಾಕ್ತೀನಿ. ಸಿಪ್ಪೆ ಹಸಿಕಸಕ್ಕೇ ಅಲ್ವಾ, ನೀನೇ ಹೇಳಿದ್ದು."

ಹೇಳುವಾಗ ಅವರ ಮುಖದಲ್ಲಿ, ಸೊಸೆ ಮೆಚ್ಚಿಕೊಂಡಾಳು ಎಂಬ ಆಸೆ ಇತ್ತು. ಸಿಪ್ಪೆ ಕೊಳೆಯುತ್ತದೆ, ದಾರ ಕೊಳೆಯುತ್ತದೆ, ಸೂಜಿ ಉಳಿಯುತ್ತದೆ. ಅಷ್ಟನ್ನು ಅವರು ಯೋಚಿಸಿರಲಿಲ್ಲ. ಅಂಜನಾ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಮೀನಾಕ್ಷಮ್ಮ ಬಾಟಲಿ ಅಲ್ಲಾಡಿಸಿ ತೋರಿಸುತ್ತಿದ್ದ ಸದ್ದು ಕಿವಿಯೊಳಗೆ ಬರುತ್ತಿತ್ತು. 

ಅಡುಗೆಮನೆಯಲ್ಲಿ ಅತ್ತೆ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಅಂಜನಾ ಬಾಗಿಲು ಓರೆ ಮಾಡಿದಳು.

"ಅತ್ತೆ, ಮಾವ ದಿನಾ ಹೀಗೇ ಮಾಡೋದು ನಿಮಗೆ ಗೊತ್ತಿತ್ತಾ?"

ಜಯಶೀಲಾ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ನೋಡಿದೀನಿ."

"ಕೆಂಪರಾಜು ಸೂಜಿ ತಂದು ಇಟ್ಟ ದಿನ ನಿಮಗೆ ಹೊಳೀಲಿಲ್ವಾ?"

"ಹೊಳೀತು. ತಳ್ಳಿಹಾಕ್ದೆ. ಅಷ್ಟರಲ್ಲಿ ನೀನು ಮೀನಾಕ್ಷಮ್ಮನ್ನ ಹಿಡ್ಕೊಂಡಿದ್ದೆ."

ಅಂಗಡಿಯಿಂದ ಊಟಕ್ಕೆ ಬಂದ ಕೈಲಾಸನಿಗೂ ಹೇಳಿದ್ದಾಯಿತು. ಮಾವ ಮಧ್ಯಾಹ್ನದ ನಿದ್ದೆಗೆ ಹೋಗಿದ್ದರು. ಮೂವರೂ ಅಡುಗೆಮನೆಯಲ್ಲಿ ನಿಂತೇ ಪಿಸುದನಿಯಲ್ಲಿ ಜಗಳವಾಡಿದರು. ಅಂಜನಾ ಕೆಂಪರಾಜುಗೆ ಈಗಲೇ ಫೋನ್ ಮಾಡುತ್ತೇನೆ ಅಂದಳು. ಕೈಲಾಸ್ ಫೋನು ಕಿತ್ತುಕೊಂಡ.

"ಮಾಡಿದ್ರೆ ಏನಾಗುತ್ತೆ ಗೊತ್ತಾ? ಅಪ್ಪನ್ನ ಲ್ಯಾಬಿಗೆ ಕರ್ಕೊಂಡು ಹೋಗಿ ಆ ಟೆಸ್ಟ್ ಮಾಡಿಸ್ಬೇಕು. ಎಪ್ಪತ್ತೈದು ವರ್ಷದ ಮನುಷ್ಯನಿಗೆ, ಅಪ್ಪಾ ನಿಮಗೆ ಆ ಕಾಯಿಲೆ ಇದೆಯಾ ನೋಡ್ಬೇಕು ಅಂತ ನಾನು ಹೇಳ್ಲಾ? ಆ ಲ್ಯಾಬಿನೋನು ನಮ್ಮ ಅಂಗಡಿ ಗಿರಾಕಿ."

"ಲಿಂಗ ಕಟ್ಟಿಕೊಂಡಿರೋರ ರಕ್ತದಲ್ಲಿ ಏನಿರುತ್ತೆ?" ಅಂದರು ಜಯಶೀಲಾ.

"ಏನೂ ಇಲ್ಲ ಅಂತ ಬರೆಸ್ಕೊಳ್ಳೋದಕ್ಕೇ ಅತ್ತೆ ಪರೀಕ್ಷೆ. ಅಲ್ಲಿ ಒಬ್ಬಳು ವಾಂತಿ ಮಾಡ್ಕೊಂಡು ಬಿದ್ದಿದ್ದಾಳೆ."

"ಅರ್ಧ ಮಾತ್ರೆ ಮುಗಿದೇ ಹೋಗಿದೆ," ಅಂದ ಕೈಲಾಸ್. "ಇನ್ನರ್ಧ ಮುಗಿಯುತ್ತೆ. ಅಪ್ಪನಿಗೆ ಗೊತ್ತಾದ್ರೆ ಊಟ ಬಿಡ್ತಾರೆ, ಗೊತ್ತಲ್ವಾ ನಿನಗೆ? ಮತ್ತೆ ನೀನು, ಬೀದಿಯಲ್ಲಿ ಹೇಗೆ ತಲೆ ಎತ್ತಿ ನಿಂತ್ಕೋತೀಯಾ?"

ಕೊನೆಯ ಮಾತು ನಾಟಿತು. ಮಾವನ ಮರ್ಯಾದೆಗಾಗಿ ಸುಮ್ಮನಾದೆ ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ನಿಜಕ್ಕೂ ಯಾರ ಮರ್ಯಾದೆ ಅನ್ನುವುದು ಅವಳಿಗೆ ಗೊತ್ತಿತ್ತು.

ಸಂಜೆ ಅವಳು ಬಕೆಟ್ಟನ್ನು ಹಳೆಯ ಪೇಪರಿನ ಮೇಲೆ ಮಗುಚಿ, ದಾರ ಕಟ್ಟಿದ ಸಿಪ್ಪೆಗಳನ್ನೆಲ್ಲ ಬಿಚ್ಚಿ ಸೂಜಿ ತೆಗೆದಳು. ಮಾವನಿಗೆ ಮುಚ್ಚಳ ಸಲೀಸಾಗಿ ತೆರೆಯುವ ಅಗಲ ಬಾಯಿಯ ಡಬ್ಬಿ ತಂದಿಟ್ಟು, ಇನ್ನು ಮೇಲೆ ಇದಕ್ಕೇ ಹಾಕಿ, ಕೊಟ್ಟರೆ ಮೆಡಿಕಲ್ ಶಾಪಿನವರು ತೆಗೆದುಕೊಳ್ಳುತ್ತಾರೆ ಅಂದಳು. ಅವರು ಮುಚ್ಚಳ ತೆಗೆದು ಹಾಕಿ ನೋಡಿ, ಇದು ಸಖತ್ತಾಗಿದೆ ಕಣಮ್ಮ ಅಂತ ಖುಷಿಪಟ್ಟರು.

ಶನಿವಾರ ಕೆಂಪರಾಜು ಕೈಯಲ್ಲಿ ನಾಗಲಕ್ಷ್ಮಮ್ಮನಿಗೆ ಅಂತ ಹಾರ್ಲಿಕ್ಸು, ರಸ್ಕು, ದಾಳಿಂಬೆ ಹಣ್ಣು ಕಳಿಸಿದಳು. ಅವನು ಬೇಡಬೇಡ ಅನ್ನುತ್ತಲೇ ತೆಗೆದುಕೊಂಡ. "ನಿಮ್ಮಷ್ಟು ವಿಚಾರಿಸೋರು ಯಾರಿದ್ದಾರೆ ಅಕ್ಕ?" ಅಂದ. ಅಂಜನಾ ಕ್ರೇಟಿನ ಗೋಣಿ ಸರಿಮಾಡುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಮೀನಾಕ್ಷಮ್ಮ ಬಾಟಲಿ ಎತ್ತಿದಾಗ, ಬೇಡ ಬಿಡಿ, ಇನ್ನು ತೋರಿಸಬೇಡಿ ಅಂದಳು.

"ಬೇಡ ಅನ್ಬೇಡಿ," ಅಂದರು ಮೀನಾಕ್ಷಮ್ಮ. "ಎಲ್ಲರೂ ನೋಡ್ಲಿ. ನೋಡಿದ್ರೇನೆ ನನಗೆ ಸಮಾಧಾನ."

ಹಾಗಾಗಿ ಅಂಜನಾ ನೋಡಿದಳು. ಬುಧವಾರವೂ ನೋಡಿದಳು. ಮನೆಯಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಒಲೆಯ ಮುಂದೆ ಅತ್ತೆಗೂ ಮನಸ್ಸು ನಿಲ್ಲದೆ, ಉಪ್ಪಿಲ್ಲದ ಪಲ್ಯ, ಸೀದ ಅನ್ನ ದಿನವೂ ತಟ್ಟೆಗೆ ಬಂತು. ಎಲ್ಲರೂ ಹಾಗೇ ಉಂಡು ಏಳುತ್ತಿದ್ದರು. ಮಾವ ಮಾತ್ರ, ಯಾಕಮ್ಮ ಇಳಿದುಹೋಗಿದ್ದೀಯ, ಆ ಹೆಣ್ಣುಮಗಳ ಚಿಂತೆಯಾ ಅಂತ ಕೇಳಿದರು. ಹೌದು ಮಾವ ಅಂದಳು.

ಅದರ ಮುಂದಿನ ಶನಿವಾರ ಗಾಡಿ ಬಂದಾಗ ಕೆಂಪರಾಜು ಒಂದು ಮಾತು ತಂದಿದ್ದ. ಡ್ರಮ್ಮು ಇನ್ನು ಬೇಡವಂತೆ, ಊರಿನವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರೆ. ಖಾಲಿ ವಾಪಸ್ ಹೋಗಿ ಎಷ್ಟು ದಿನ ಗಾಡಿ ಓಡುತ್ತದೋ ನೋಡಬೇಕು ಅಂದ. ಶಂಭುಲಿಂಗಪ್ಪ ಪೋರ್ಟಿಕೊದ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದವರು ಕನ್ನಡಕ ತೆಗೆದು ಕೇಳಿಸಿಕೊಂಡರು. ಕೈಲಾಸ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಆಗ ಮೀನಾಕ್ಷಮ್ಮ ಬಂದರು. ಅವತ್ತು ಬಕೆಟ್ಟೂ ಇಲ್ಲ, ಬಾಟಲಿಯೂ ಇಲ್ಲ. ಕೈಯಲ್ಲಿ ಲ್ಯಾಬಿನ ಒಂದು ಕವರು. ಸಾಲು ದಾಟಿ ನೇರವಾಗಿ ಕೆಂಪರಾಜು ಹತ್ತಿರ ಹೋದರು.

"ತಗೊಳ್ಳಪ್ಪ. ನಮ್ಮ ಯಜಮಾನ್ರ ರಕ್ತದ ರಿಪೋರ್ಟು. ಏನೂ ಇಲ್ಲ ಅಂತ ಬಂದಿದೆ. ಸೂಜಿ ನಮ್ಮನೇದು ಅಂತಾನೇ ಡಾಕ್ಟ್ರಿಗೆ ಹೇಳು."

"ನಿಮ್ದಲ್ಲ ಅಂತಿದ್ರಲ್ಲಮ್ಮ," ಅಂದ ಕೆಂಪರಾಜು.

"ನಮ್ದಲ್ಲ. ಆದ್ರೆ ಎಲ್ಲರೂ ನಮ್ದು ಅಂತಾನೇ ತಿಳ್ಕೊಂಡಿದ್ದಾರೆ. ಒಪ್ಕೊಂಡು ನಾವು ಕಳ್ಕೊಳ್ಳೋದೇನಿದೆ? ನಿನ್ನ ಹೆಂಡತಿ ಮಾತ್ರೆ ನಿಲ್ಲಿಸಿ ಒಂದು ತುತ್ತು ಊಟ ಮಾಡ್ಲಿ."

ಕೆಂಪರಾಜು ಕವರು ತೆಗೆದುಕೊಳ್ಳಲು ಕೈ ಚಾಚಿದ.  ಆ ಕಾಗದ ನಂಬಿ ಡಾಕ್ಟರು ಮಾತ್ರೆ ನಿಲ್ಲಿಸುತ್ತಾರೆ. ಚುಚ್ಚಿದ ಸೂಜಿಗೂ ಆ ರಕ್ತಕ್ಕೂ ಸಂಬಂಧವೇ ಇಲ್ಲ. ಮಾವನ ರಕ್ತದಲ್ಲಿ ಏನಾದರೂ ಇದ್ದರೆ? ಇರಲಾರದು ಅಂತ ಗೊತ್ತು, ಆದರೆ ಯಾರೂ ನೋಡಿಲ್ಲ. ಬಾಗಿಲಲ್ಲಿದ್ದ ಕೈಲಾಸ್ ಅವಳನ್ನೇ ನೋಡಿ, ಬೇಡ ಅನ್ನುವಂತೆ ತಲೆಯಾಡಿಸಿದ.

"ಆ ಕವರು ತಗೋಬೇಡ ಕೆಂಪರಾಜು," ಅಂದಳು ಅಂಜನಾ.  "ಸೂಜಿ ಅವರದಲ್ಲ. ನಮ್ಮನೇದು. ಮಾವ ಬಾಳೆಸಿಪ್ಪೆಯಲ್ಲಿ ಕಟ್ಟಿ ಹಾಕ್ತಿದ್ರು. ನಾನೇ ಕಣ್ಣಾರೆ ನೋಡಿದ್ದೀನಿ."

ಪೋರ್ಟಿಕೊದಲ್ಲಿ ತರಕಾರಿ ಆರಿಸುತ್ತಿದ್ದವರ ಕೈಗಳೆಲ್ಲ ನಿಂತವು. ಮೀನಾಕ್ಷಮ್ಮ ನಿಧಾನವಾಗಿ ಕವರನ್ನು ಸೆರಗಿನೊಳಗೆ ಎಳೆದುಕೊಂಡರು.

"ಯಾವಾಗ ನೋಡಿದ್ರಿ?"

"ಹಿಂದಿನ ವಾರ. ಗುರುವಾರ."

"ಅದಾದ ಮೇಲೂ ನನ್ನ ಬಾಟ್ಲಿ ನೋಡಿದ್ರಲ್ಲ ಅಂಜನಾ."

"ನೋಡಿದೆ," ಅಂದಳು.  ಮೀನಾಕ್ಷಮ್ಮ ತರಕಾರಿ ಕೊಳ್ಳದೆ ರಸ್ತೆ ದಾಟಿ ಮನೆಗೆ ಹೋದರು.

ಬೆಂಚಿನ ಮೇಲಿದ್ದ ಶಂಭುಲಿಂಗಪ್ಪ ಎದ್ದು ನಿಂತಿದ್ದರು. ಪೇಪರ್ ಕಾಲ ಬಳಿ ಬಿದ್ದಿತ್ತು. ಅವರು ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು, ಒಳಗಿನಿಂದ ಬಂದ ಹೆಂಡತಿಯನ್ನು ನೋಡಿದರು. ಮೂವರೂ ಮುಖ ತಗ್ಗಿಸಿದ್ದು ನೋಡಿ ಅವರಿಗೆ ಎಲ್ಲ ಅರ್ಥವಾಯಿತು.

"ಅಂದ್ರೆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿರ್ಲಿಲ್ಲ," ಅಂದರು.

"ನಿಮಗೆ ನೋವಾಗುತ್ತೆ ಅಂತ ಅಪ್ಪಾ," ಅಂದ ಕೈಲಾಸ್.

"ತಪ್ಪು ನಂದು ಕಣೋ. ನನ್ನ ತಪ್ಪು ನನಗೇ ಹೇಳ್ಲಿಲ್ಲ ನೀವು. ಅವತ್ತೇ ಹೇಳಿದ್ರೆ ಅವತ್ತೇ ಹೋಗಿ ರಕ್ತ ಕೊಡೋಕೆ ಕೈ ಚಾಚ್ತಿದ್ದೆ. ಈಗ ಆ ಹೆಣ್ಣುಮಗಳು ಅಷ್ಟು ದಿನ ಸುಮ್ಮನೆ ನರಳಿದ್ದು ನನ್ನ ತಲೆ ಮೇಲೆ ಬಂತು."

ಅವರು ಚಪ್ಪಲಿ ಮೆಟ್ಟಿ, ಆಟೋ ಕೂಡ ಬೇಡ ಅಂದು, ಅದೇ ಬೀದಿಯ ಕೊನೆಯ ಲ್ಯಾಬಿಗೆ ನಡೆದರು. ಕೈಲಾಸ್ ಹಿಂದೆ ಓಡಿದ. ಲ್ಯಾಬಿನವನು ಯಾವ ಟೆಸ್ಟು ಅಂತ ಕೇಳಿದಾಗ ಮುದುಕರು ಹೊರಗಿನವರಿಗೂ ಕೇಳುವಂತೆ ಅದರ ಹೆಸರು ಹೇಳಿದರಂತೆ. ಕೈಲಾಸ್ ಆಮೇಲೆ ಇದನ್ನು ಹೇಳುವಾಗ ಗೋಡೆ ನೋಡುತ್ತಿದ್ದ.

ಸಂಜೆಯೊಳಗೆ ರಿಪೋರ್ಟು ಬಂತು. ಏನೂ ಇರಲಿಲ್ಲ. ಅಂಜನಾ ಕೆಂಪರಾಜುವಿನ ಫೋನಿಗೆ ಕಳಿಸಿ, ಕರೆ ಮಾಡಿದಳು. ಅವನು ಡಾಕ್ಟರಿಗೆ ತೋರಿಸ್ತೀನಿ ಅಂದ. ಅಕ್ಕ ಅನ್ನಲಿಲ್ಲ. ಫೋನಿಡುವ ಮುಂಚೆ, "ನೀವು ಕಳಿಸಿದ್ದು ತಿಂದು ಅವಳು ನಿಮ್ಮನೆ ತಣ್ಣಗಿರ್ಲಿ ಅಂದ್ಲು," ಅಂದ. ಬೈದಿದ್ದರೆ ಅವಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಸೋಮವಾರ ಡಾಕ್ಟರು ಮಾತ್ರೆ ನಿಲ್ಲಿಸಿದರು. ಬುಧವಾರ ಗಾಡಿ ಬರಲಿಲ್ಲ. ಬರುವುದೋ ಇಲ್ಲವೋ ಅಂತ ಕೇಳಲು ಅಂಜನಾಳಿಗೆ ಬಾಯಿ ಬರಲಿಲ್ಲ. ಬೀದಿಯವರು ತಳ್ಳುಗಾಡಿಯಲ್ಲಿ ಸೊಪ್ಪು ಕೊಂಡರು.

ಅವತ್ತು ಸಂಜೆ ಶಂಭುಲಿಂಗಪ್ಪ ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಶಲ್ಯ ಹಾಕಿಕೊಂಡು ಹೊರಟು ನಿಂತರು. ಶನಿವಾರದಿಂದ ಅವರು ಮನೆಯಲ್ಲಿ ಯಾರ ಜೊತೆಯೂ ಎರಡು ಮಾತಿಗಿಂತ ಹೆಚ್ಚು ಆಡಿರಲಿಲ್ಲ.

"ಎದುರು ಮನೆಗೆ ಹೋಗ್ತಿದ್ದೀನಿ. ಬರ್ತೀಯಾ, ನಾನೊಬ್ನೇ ಹೋಗ್ಲಾ?" ಅಂತ ಸೊಸೆಯನ್ನು ಕೇಳಿದರು.

ಅಂಜನಾ ಅವರ ಹಿಂದೆಯೇ ರಸ್ತೆ ದಾಟಿದಳು. ಮೀನಾಕ್ಷಮ್ಮ ಬಾಗಿಲು ತೆರೆದರು. ಶಂಭುಲಿಂಗಪ್ಪ ಮೆಟ್ಟಿಲ ಕೆಳಗೇ ನಿಂತು ಎರಡೂ ಕೈ ಮುಗಿದರು.

"ತಪ್ಪು ಮಾಡಿದೋನು ನಾನು ತಾಯಿ. ಬೀದಿಯಲ್ಲಿ ನಿಂತ್ಕೊಂಡಿದ್ದು ನೀವು."

"ಅಯ್ಯೋ, ಕೈ ಇಳಿಸಿ ಯಜಮಾನ್ರೆ," ಅಂದರು ಮೀನಾಕ್ಷಮ್ಮ. "ನಿಮಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಆಗಿದ್ದಕ್ಕೆ ಯಾರೇನ್ ಮಾಡೋಕಾಗುತ್ತೆ? ಒಳಗೆ ಬನ್ನಿ, ಇವರೂ ಎದ್ದಿದ್ದಾರೆ. ಕಾಫಿ ಕುಡಿದು ಹೋಗೋರಂತೆ."

ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡರು. ಅಂಜನಾ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುವುದರಲ್ಲಿದ್ದಳು. ಮೀನಾಕ್ಷಮ್ಮ ತಿರುಗಿ ಅವಳನ್ನು ಒಂದು ಸಲ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಬಾಗಿಲನ್ನು ಮುಚ್ಚಲೂ ಇಲ್ಲ. ಹಾಲು ಕಾಯಿಸಲು ಒಳಗೆ ಹೋದರು.

ಅಂಜನಾ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿ ಗೇಟಿನ ಬಳಿ ಬಂದು ನಿಂತಳು. ಮಾವನನ್ನು ಬಿಟ್ಟು ಮನೆಗೆ ಹೋಗುವಂತಿರಲಿಲ್ಲ, ಇಳಿಯುವಾಗ ಅವರಿಗೆ ಕೈ ಬೇಕು. ಒಳಗೆ ಸೋಮನಾಥರ ದನಿ, ಮಾವನ ದನಿ, ಲೋಟದ ಸದ್ದು ಕೇಳುತ್ತಿತ್ತು. ಸಂಜೆಯ ವಾಕಿಂಗಿಗೆ ಹೊರಟವರು ಒಬ್ಬೊಬ್ಬರಾಗಿ ಹಾದುಹೋಗುತ್ತಿದ್ದರು. ಮೂಲೆ ಮನೆಯ ಆಂಟಿ ನಿಂತು, "ಯಾಕಮ್ಮ, ಹೊರಗೇ ನಿಂತಿದ್ದೀಯಲ್ಲ?" ಅಂತ ಕೇಳಿದರು.

ಮಾವನಿಗೆ ಕಾಯುತ್ತಿದ್ದೇನೆ ಅನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಅವರು ನನ್ನ ಒಳಗೆ ಕರೆದಿಲ್ಲ ಆಂಟಿ," ಅಂದಳು ಅಂಜನಾ.